ಹನ್ನೆರಡು ಸೆಕೆಂಡ್

೧೪ ಜುಲೈ ೨೦೨೫, ಸೋಮವಾರ

ತಡಸದ ಗುತ್ತೆವ್ವ ಆಯಿ ಹಾಡಿದ ಸೋಬಾನ ಪದಗಳನ್ನ ನನ್ನ ವೆಬ್‌ಸೈಟಿಗೆ ಹಾಕಿ ತಿಂಗಳಾತು. ಎಷ್ಟು ಮಂದಿ ಕೇಳಿದ್ರು ಅಂತ ದಿನಾ ಅನಾಲಿಟಿಕ್ಸ್ ನೋಡಿ ನೋಡಿ ತಲಿ ಕೆಟ್ಟೈತಿ. ಮುನ್ನೂರು ಮಂದಿ ಬಂದಾರ, ಹನ್ನೆರಡು ಸೆಕೆಂಡಿಗೆ ಎದ್ದು ಹೋಗ್ಯಾರ. ಎಲ್ಲಿಂದ ಬಂದ್ರು ಅಂತ ಹೇಳ್ತೈತಿ, ಯಾಕ ಹೋದ್ರು ಅಂತ ಹೇಳಂಗಿಲ್ಲ.

ಇವತ್ತ ತಡಸಕ್ಕ ಹೋಗಿ ಆಯಿಗೆ ಖರೇ ಹೇಳಿಬಿಟ್ಟೆ. ಆಕಿ ಮುಖಾ ಸಣ್ಣದಾತು. “ನನ್ನ ದನಿ ಸೇರಲಿಲ್ಲೇನವ್ವಾ? ಹಚ್ಚು, ನಾನೂ ಕೇಳ್ತೇನಿ” ಅಂದ್ಲು.

ಹಚ್ಚಿದೆ. ಹಾಡಿನ ಮುಂದ ಎರಡು ನಿಮಿಷ ಬರೇ ನನ್ನ ಪೀಠಿಕಿ. ಜನಪದ, ಪರಂಪರೆ, ಅಸ್ಮಿತೆ! ಮಂದಿ ಗುತ್ತೆವ್ವನ ದನಿ ಕೇಳೇ ಇಲ್ಲ, ನನ್ನ ದನಿಗೇ ಓಡ್ಯಾರ.

“ಎಷ್ಟು ಚಂದ ಮಾತಾಡಿಯವ್ವಾ” ಅಂತ ಆಯಿ ನನ್ನ ಗದ್ದಾ ಹಿಡಿದ್ಲು. ನನ್ನ ತಪ್ಪು ಅಂತ ಹೇಳಾಕ ಬಾಯಿ ಬರಲಿಲ್ಲ.

ಪೀಠಿಕಿ ಈಗ ಅಳಿಸಿ ಹಾಕೇನಿ. ಆದ್ರೂ ನನ್ನ ಮ್ಯಾಲಿನ ಸಿಟ್ಟು ಇಳಿವಲ್ದು. ನಾಳೆ ಮುಂಜಾನೆ ಮತ್ತ ತಡಸಕ್ಕ ಹೋಗಿ, ಮಂದಿ ಓಡಿದ್ದು ನನ್ನ ದನಿಗೆ ಅಂತ ಆಯಿಗೆ ಹೇಳಬೇಕು.