ಬೆನ್ನ ಮೇಲಿನ ಕೆಂಪು ಪಟ್ಟೆ

ಎಸ್.ಎಸ್. ಬಡಾವಣೆ, ದಾವಣಗೆರೆ
೯ ಡಿಸೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಈ ಚಳಿಗೆ ಮೊಣಕಾಲು ನೋವು ಹೆಚ್ಚಿರಬೇಕು. ಕುರಿಗಳು ಚೆನ್ನಾಗಿವೆ ಅಂದುಕೊಂಡಿದ್ದೇನೆ. ಫೋನು ಹಳ್ಳದಲ್ಲಿ ಬಿತ್ತು ಎಂದು ಯಾರದೋ ನಂಬರಿನಿಂದ ಹೇಳಿದೆಯಲ್ಲ, ಅಲ್ಲಿಂದ ಇಪ್ಪತ್ತು ದಿನ ನಿನ್ನ ದನಿಯಿಲ್ಲ.

ಅವ್ವ ಹರಿಹರದ ಮನೆಯಲ್ಲಿಲ್ಲ, ಇಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಈ ಗುರುವಾರ ದಾಟಬಾರದು ಎನ್ನುತ್ತಾರೆ ಡಾಕ್ಟರು. ಅವಳೋ, "ನಿಮ್ಮಪ್ಪ ಬರಾತನಕ ಕುಯ್ಯಾದು ಬ್ಯಾಡ" ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಉಚ್ಚಂಗೆಪ್ಪ ಮಾವ ಮೂರು ದಿನ ಬೈಕಿನಲ್ಲಿ ಜಗಳೂರು ಕಡೆಯ ಹುಲ್ಲುಗಾವಲು ಅಲೆದು ಬರಿಗೈಯಲ್ಲಿ ಬಂದ.

ಅದಕ್ಕೇ ಭಾನುವಾರ ನಾನು ಗ್ಲೈಡರ್ ಹತ್ತಿದೆ. ನನ್ನ ಜೊತೆ ಓದಿದ ಸುಷ್ಮಾ ಆ ಕಡೆ ಪ್ರವಾಸಿಗರನ್ನು ಹಾರಿಸುವವರ ಆಫೀಸಿನಲ್ಲಿದ್ದಾಳೆ. ತನ್ನ ಪಾಲಿನ ಹಾರಾಟ ನನಗೆ ಬಿಟ್ಟುಕೊಟ್ಟಳು. ಎಂಜಿನ್ನೇ ಇಲ್ಲದ ಎರಡು ಸೀಟಿನ ವಿಮಾನ. ಹಗ್ಗದಿಂದ ಎಳೆದು ಮೇಲಕ್ಕೆ ಬಿಟ್ಟ ಮೇಲೆ ಗಾಳಿಯ ಸದ್ದು ಮಾತ್ರ. ಕೆಳಗೆ ಮೈಲುಗಟ್ಟಲೆ ಒಣಹುಲ್ಲು, ಬಳೆ ಬಿಚ್ಚಿಟ್ಟ ಹಾಗೆ ಅಲ್ಲಲ್ಲಿ ಮುಳ್ಳಿನ ದೊಡ್ಡಿಗಳು. ನಾನು ಹುಡುಕಿದ್ದು ನೀನು ಕುರಿಗಳ ಬೆನ್ನಿಗೆ ಬಳಿಯುವ ಎರಡು ಕೆಮ್ಮಣ್ಣಿನ ಪಟ್ಟೆ. ಮೂರನೆಯ ಮಂದೆಯ ಪಕ್ಕ ಒಬ್ಬ ಕಂಬಳಿ ಎತ್ತಿ ಬೀಸಿದ. ಹಾರಿಸುತ್ತಿದ್ದ ಅಶ್ವಥ್, "ಇವ್ರೇ ಏನ್ರಿ? ಸರಿಯಾಗಿ ನೋಡ್ರಿ, ದಾಟಿದ್ರೆ ತಿರುಗಿ ಬರಾಕೆ ಎತ್ತರ ಉಳಿಯಲ್ಲ" ಎಂದ. ಪಟ್ಟೆ ಕಾಣಲಿಲ್ಲ. ಅಲ್ಲವೆಂದು ತಲೆಯಾಡಿಸಿದೆ.

ಬರಿಗೈಯಲ್ಲಿ ಬಂದ ನಾಚಿಕೆಗೆ ಅವ್ವನ ಹತ್ತಿರ ಎರಡು ದಿನ ಬಾಯಿ ಬಿಡಲಿಲ್ಲ. ಇವತ್ತು ಹೇಳಿದರೆ, "ಕಾರ್ತೀಕ ಕಳೀತು, ಉಣ್ಣೆ ಕತ್ತರಿಸಿರ್ತಾರೆ. ಪಟ್ಟೆ ಏನು ಚರ್ಮಕ್ಕೆ ಹಚ್ಚಿರ್ತಾರೇನೆ? ಕುರಿ ಕಾಯೋರ ಮಗಳು, ಎಂ.ಎ. ಬ್ಯಾರೆ" ಎಂದಳು. ಮನೆಯ ಮೇಲೆ ಹೆಲಿಕಾಪ್ಟರ್ ಹೋದರೂ ಕಂಬಳಿ ಬೀಸುವವನು ನೀನೊಬ್ಬನೇ ಅಪ್ಪಾ. ಅದು ಗೊತ್ತಿದ್ದೂ ನಾನು ಪಟ್ಟೆ ಹುಡುಕಿದೆ.

ಇನ್ನೊಂದು ಹಾರಾಟ ಮುಂದಿನ ಭಾನುವಾರವೇ. ಮಾವ ನಾಳೆ ನಸುಕಿಗೆ ಆ ಜಾಗಕ್ಕೆ ಹೊರಡುತ್ತಾನೆ. ನೀನು ಅಲ್ಲಿಂದ ಮುಂದೆ ಹೋಗಿದ್ದರೆ ಎಂದು ಇದೇ ಕಾಗದವನ್ನು ಆರು ಸಲ ಬರೆದಿದ್ದೇನೆ, ಹಟ್ಟಿಗೊಂದು ಕೊಡುತ್ತಾನೆ. ಕುರಿ ಯಾರಿಗಾದರೂ ಒಪ್ಪಿಸಿ ಬಾ.

ನಿನ್ನ ತಲೆಯ ಮೇಲೇ ಹಾರಿ ಗುರುತಿಸದೆ ಹೋದ ಮಗಳು,
ಯಶೋದಾ

ತಾ.ಕ.: ಅವ್ವನಿಗೆ ಸುಳ್ಳು ಹೇಳಿಬಿಟ್ಟೆ. ಸುದ್ದಿ ಮುಟ್ಟಿದೆ, ಗುರುವಾರ ಅಪ್ಪ ಬರುತ್ತಾನೆ ಎಂದೆ. ತಕ್ಷಣ ಎದ್ದು ಕೂತು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು, ತಲೆ ಬಾಚು ಎಂದಳು. ಗುರುವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದೊಯ್ಯುತ್ತಾರೆ. ಅಲ್ಲಿಯವರೆಗೂ ಬಾಗಿಲನ್ನೇ ನೋಡುತ್ತಿರುತ್ತಾಳೆ ಅಪ್ಪಾ.