‘ಎದೆ’ ಎಂದು ತಿದ್ದಿದ್ದು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಕಾಗದ ಬಂದು ಐದು ವಾರವಾಯಿತು, ಬೈಯಬೇಡ. ಮೂರು ಸಲ ಬರೆಯಲು ಕೂತು, ಮೂರು ಸಲವೂ ಬರೀ ಬಿಸಿಲಿನ ಸುದ್ದಿ ಬರೆದು ಹರಿದುಹಾಕಿದೆ. ಫೋನ್ ಮಾಡೋಣವೆಂದರೆ, ಹೇಳಬೇಕಾದ ಪದವೇ ಬಾಯಿಗೆ ಬರುವುದಿಲ್ಲ.

ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಾಗೇ ನಡೆದಿದೆ. ಕಿಟಕಿ ಪಕ್ಕದ ಮೇಜು. ಬೆಳಗಿನಿಂದ ಸಂಜೆವರೆಗೆ ಯಾರ ಜೊತೆಯೂ ಮಾತಾಡದೆ ರೂಮಿಗೆ ಮರಳಿದ ದಿನಗಳೂ ಇವೆ. ಹೋದ ತಿಂಗಳು ಆಸ್ಪತ್ರೆಯ ಕರಪತ್ರವೊಂದು ಬಂತು, ಸ್ತನ ಕ್ಯಾನ್ಸರ್ ತಪಾಸಣೆಯದು. ‘ಸ್ತನ’ ಇದ್ದಲ್ಲೆಲ್ಲ ಹೊಡೆದು ‘ಎದೆ’ ಎಂದು ತಿದ್ದಿ ಕಳಿಸಿದೆ. ಮರುದಿನ ಅಲ್ಲಿಯ ನರ್ಸ್ ಕರಡು ಹಿಡಿದುಕೊಂಡೇ ಬಂದರು.

“ಏನಮ್ಮಾ, ಸಾಹಿತ್ಯ ಓದಿದೋಳಂತೆ. ಎದೆ ಅಂತ ಹಾಕಿದ್ರೆ ಜನ ಹಾರ್ಟ್ ಡಾಕ್ಟರ್ ಬಾಗಿಲಲ್ಲಿ ಕ್ಯೂ ನಿಲ್ತಾರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಅಮ್ಮನಿಗೆ ‘ಎದೆ ಕಾಯಿಲೆ’ ಎಂದೇ ತಾನೆ ನಮಗೆ ಹೇಳಿದ್ದು?

ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿ ಕೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. “ಹಾರ್ಟ್ ಅಂತ ನಾವ್ಯಾರೂ ಹೇಳಿಲ್ಲ ಕಣೇ. ನಾವು ಎದೆ ಅಂದ್ವಿ, ನೀವು ಹಾರ್ಟ್ ಅಂದ್ಕೊಂಡ್ರಿ. ಸದ್ಯ ಅಂತ ಸುಮ್ಮನಾದ್ವಿ. ನಲವತ್ತೆರಡಕ್ಕೆ ಗೊತ್ತಾಯ್ತು, ವರ್ಷ ತುಂಬೋಕೆ ಮುಂಚೆ ಹೋಗ್ಬಿಟ್ಲು.”

ಆಗ ನೀನು ಹಾಸ್ಟೆಲಿನಲ್ಲಿದ್ದೆ, ನನಗೆ ಒಂಬತ್ತು ವರ್ಷ. ಅಂದಿನಿಂದ ನೀನು ಬೆಣ್ಣೆ ಮುಟ್ಟಿಲ್ಲ, ವರ್ಷಾವರ್ಷ ಇಸಿಜಿ ಮಾಡಿಸುತ್ತೀಯ. ಪಾಪ ಬೆಣ್ಣೆ.

ಮರುದಿನ ಆಸ್ಪತ್ರೆಗೆ ಹೋಗಿ ಅದೇ ನರ್ಸನ್ನು ಕೇಳಿದೆ. ಸಾಮಾನ್ಯವಾಗಿ ನಲವತ್ತರಿಂದ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಶುರುವಂತೆ. ತಾಯಿಗೆ ಬಂದಿದ್ದರೆ, ಆಕೆಗೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಡಾಕ್ಟರನ್ನು ಕಾಣಬೇಕು. ಅಂದರೆ ಮೂವತ್ತೆರಡು. ನಿನಗೆ ಮೂವತ್ತಮೂರು ತುಂಬಿತು. ನಿನ್ನ ವಯಸ್ಸಿಗೆ ಬೇರೆ ಸ್ಕ್ಯಾನೂ ಬೇಕೇ ಎಂಬುದನ್ನು ಡಾಕ್ಟರೇ ಹೇಳುತ್ತಾರೆ.

“ಗಂಟು ಸಿಗ್ಲಿ, ಆಮೇಲೆ ಬರೋಣ ಅಂತ ಕೂರ್ಬೇಡಿ ಅನ್ನು ನಿಮ್ಮಕ್ಕಂಗೆ,” ಎಂದರು ನರ್ಸ್. “ಕೈಗೆ ಸಿಗೋಕೆ ಮುಂಚೆ ನೋಡೋಕೇ ಮೆಷಿನ್ ಇರೋದು. ಎರಡು ಹಲಗೆ ಮಧ್ಯೆ ಒತ್ತುತ್ತೆ, ಸ್ವಲ್ಪ ನೋವಾಗುತ್ತೆ, ಅಯ್ಯೋ ಅನ್ನೋದ್ರಲ್ಲಿ ಮುಗಿಯುತ್ತೆ. ಮುಟ್ಟಾದ ಮುಂದಿನ ವಾರ ಬರ್ಲಿ. ಅವತ್ತು ಪೌಡರ್ ಬೇಡ.”

ಭಾವನಿಗೆ ಹೇಳಲು ಮುಜುಗರವಾದರೆ ನಾನೇ ಬರುತ್ತೇನೆ. ಆ ಮೆಷಿನ್ ಇರುವ ಕೋಣೆಯ ಹೊರಗೆ ಇಬ್ಬರು ಕೂರುವಷ್ಟು ಬೆಂಚಿದೆ. ಹೋಗಿ ಕೂತು ನೋಡಿ ಬಂದೆ. ದಿನ ಗೊತ್ತುಮಾಡಿ ಬರೆ, ಅಕ್ಕ.

ಪುಟ್ಟಿಗೆ ಮುತ್ತು. ನೀನು ನೂರು ಕಾಲ ನನ್ನನ್ನು ಬೈಯುತ್ತಿರು.

ನಿನ್ನ
ಮೂಗಿ

ಮತ್ತೆ: ಇದು ಮರೆತು ಕೊನೆಗೆ ಸೇರಿಸಿದ್ದಲ್ಲ. ಕಾಯಿಲೆ ಗೊತ್ತಾಗುವ ಮೊದಲು ಒಂದು ದಿನ ಬೆನ್ನು ಉಜ್ಜಲು ಅಮ್ಮ ನನ್ನನ್ನು ಬಚ್ಚಲಿಗೆ ಕರೆದಳು. ನನ್ನ ಕೈ ಹಿಡಿದು ಎಡಗಡೆ ಇಟ್ಟು, “ಇಲ್ಲೇನಾದ್ರೂ ಗಟ್ಟಿಯಾಗಿ ಸಿಗುತ್ತಾ, ನೋಡೇ” ಎಂದಳು. ನನಗೆ ನಾಚಿಕೆಯಾಯಿತು. ಮುಟ್ಟಿಯೂ ಮುಟ್ಟದ ಹಾಗೆ ಕೈ ಎಳೆದುಕೊಂಡು, “ಏನೂ ಇಲ್ಲಮ್ಮ” ಎಂದೆ. ಆ ದಿನವೆಲ್ಲ ಅಮ್ಮ ಗುನುಗುತ್ತಾ ಕೆಲಸ ಮಾಡಿದಳು.