ತೊಡೆಯ ಮೇಲಿನ ಮನೆ

ಹೊಸ ಮನೆಯ ಹಿಂದಿನ ಕೋಣೆ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಪ್ಪಾ,

"ಮೊದಲು ಬಟ್ಟೆ ಏನನ್ನುತ್ತೆ ಕೇಳು, ಆಮೇಲೆ..." ಆಮೇಲೆ ಏನು? ಕತ್ತರಿ ಕೈಗೆತ್ತಿಕೊಳ್ಳುವಾಗಲೆಲ್ಲ ನೀವು ಹೇಳುತ್ತಿದ್ದ ಮಾತು. ಉಳಿದರ್ಧ ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ. ಆಮೇಲೆ ಕತ್ತರಿಸು ಎಂದಿರೋ, ಆಮೇಲೆ ಬಾಯಿ ಮುಚ್ಚು ಎಂದಿರೋ? ಗಿರಾಕಿಗಳ ಮುಂದೆ ನಾನು ವಟಗುಟ್ಟುತ್ತಿದ್ದ ಕಾಲ ಅದು, ಎರಡೂ ಸಾಧ್ಯ. ಬಟ್ಟೆ ಮಾತಾಡುತ್ತದೆ ಎಂಬುದನ್ನೇ ಆಗ ನಾನು ನಂಬಿರಲಿಲ್ಲ. ಈಗ ತುಸು ನಂಬುತ್ತೇನೆ.

ಅದಿರಲಿ, ನೀವು ಹೇಗಿದ್ದೀರಿ? ಕಣ್ಣಿಗೆ ಬಿಡುವ ಹನಿಯ ಉರಿ ಕಡಿಮೆಯಾಯಿತೇ? ಸಂಜೆಯಾದರೆ ಕಾಲು ಊದುವುದು? ತಮ್ಮನನ್ನು ಕೇಳಿದರೆ "ಅಪ್ಪ ಚೆನ್ನಾಗಿದಾರೆ" ಎಂಬ ಒಂದೇ ಸಾಲು. ಅವನ ಬಾಯಿಂದ ಎರಡನೆಯ ಸಾಲು ಹೊರಡಿಸುವುದು ಯಾರ ಕೈಲೂ ಆಗದು. ಈ ಪತ್ರವನ್ನು ಅವನ ಹೆಂಡತಿ ನಿಮಗೆ ಓದಿ ಹೇಳುತ್ತಿರುತ್ತಾಳೆ. ಅಮ್ಮಾ ತಾಯಿ, ನಡುವೆ ನಗುತ್ತಾ ಕೂರಬೇಡ, ಅಪ್ಪನಿಗೆ ಓದು ನಿಂತರೆ ಸಿಟ್ಟು ಬರುತ್ತದೆ. ಜೊತೆಗೆ ಬಂದಿರುವ ಪೆಟ್ಟಿಗೆಯನ್ನೂ ನಾನು ಹೇಳುವ ತನಕ ಬಿಚ್ಚಬೇಡ.

ಕಳೆದ ಸಲ ಫೋನಿನಲ್ಲಿ ಇಲ್ಲಿಗೆ ಕರೆದಾಗ ನೀವು ಹೇಳಿದ್ದು ಇನ್ನೂ ಚುಚ್ಚುತ್ತಿದೆ. "ಆ ಮನೇನ ನಾನು ಕಣ್ಣಿದ್ದಾಗ ನೋಡಿಲ್ಲ ಮಗಳೇ. ಬಚ್ಚಲಿಗೂ ಯಾರಾದರೂ ಕೈ ಹಿಡಿದು ಕರ್ಕೊಂಡು ಹೋಗಬೇಕು. ಎತ್ತಿ ಇಟ್ಟಲ್ಲಿ ಸಾಮಾನಿನ ಥರ ಕೂತಿರೋಕೆ ಅಷ್ಟು ದೂರ ಯಾಕೆ ಬರಲಿ?" ತಮ್ಮನ ಮನೆಯ ಗೋಡೆ, ಹೊಸಿಲು ನಿಮಗೆ ಕಣ್ಣಿದ್ದ ಕಾಲದ ಪರಿಚಯ. ನಮ್ಮದು ಬರೀ ಕತ್ತಲೆ. ನೀವು ಹೇಳಿದ್ದು ನಿಜವಾಗಿತ್ತು. ಫೋನಿಟ್ಟವಳೇ ಹಿಂದಿನ ಕೋಣೆಗೆ ಹೋಗಿ ಯಂತ್ರದ ಮುಂದೆ ಕೂತೆ.

ಈ ಯಂತ್ರದ ವಿಷಯ ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಸಿಎನ್‌ಸಿ ಎನ್ನುತ್ತಾರೆ. ಮೇಜಿನ ಮೇಲೆ ಕೂರುವಷ್ಟು ಪುಟ್ಟದು. ನಿಮ್ಮ ಹೊಲಿಗೆ ಯಂತ್ರವನ್ನೇ ನೆನೆಸಿಕೊಳ್ಳಿ: ಸೂಜಿ ಇದ್ದಲ್ಲಿ ಗಿರ್ರನೆ ತಿರುಗುವ ಬಿಟ್ ಎಂಬ ಹರಿತವಾದ ಕೊರೆಮೊನೆ, ಬಟ್ಟೆ ಇದ್ದಲ್ಲಿ ಮರದ ಹಲಗೆಯೋ ಲೋಹದ ತಗಡೋ, ತುಳಿಯುವ ಕಾಲಿನ ಬದಲು ಕಂಪ್ಯೂಟರು. ನಾನು ಪರದೆಯ ಮೇಲೆ ಗೆರೆ ಎಳೆದರೆ ಅದು ಹಾಗೆಯೇ ಕೊರೆಯುತ್ತದೆ. ಕವಿತೆಯಲ್ಲಿ ಹೇಳದೆ ಬಿಟ್ಟದ್ದನ್ನು ಹುಡುಕುವುದು ನನ್ನ ಓದಿನ ಚಾಳಿ. ಈ ಯಂತ್ರ ಹೇಳದೆ ಬಿಟ್ಟದ್ದನ್ನು ಮಾಡುವುದೇ ಇಲ್ಲ, ಹೇಳಿದ್ದನ್ನು ತಪ್ಪಾಗಿದ್ದರೂ ಮಾಡಿ ಮುಗಿಸುತ್ತದೆ. ಸಾಹಿತ್ಯದಲ್ಲಿ ಎಂ.ಎ. ಓದಿದವಳಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಇಲ್ಲ. ನಿಮ್ಮ ಅಳಿಯ ಇದನ್ನು ನನ್ನ ಕೂಸು ಎನ್ನುತ್ತಾರೆ. ಕಿರ್ರೆಂದ ಕೂಡಲೇ "ನಿನ್ನ ಕೂಸು ಅಳ್ತಿದೆ ನೋಡೇ" ಎಂದು ಹಾಲ್‌ನಿಂದ ಕೂಗುತ್ತಾರೆ, ತಾವು ಮಾತ್ರ ಎದ್ದು ಬರುವುದಿಲ್ಲ.

ನಾನು ಯೋಚಿಸಿದ್ದು ಇಷ್ಟೇ. ನೀವು ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ಇದು ಇಂಥ ಬಟ್ಟೆ ಎಂದುಬಿಡುತ್ತಿದ್ದಿರಿ. ಆ ಬೆರಳು ಎಲ್ಲಿಗೂ ಹೋಗಿಲ್ಲವಲ್ಲ. ನಮ್ಮ ಮನೆಯನ್ನು ತೊಡೆಯ ಮೇಲಿಡುವಷ್ಟು ಚಿಕ್ಕದು ಮಾಡಿ, ಒಂದೊಂದು ಕೋಣೆಯನ್ನೂ ಒಂದೊಂದು ಪದಾರ್ಥದಲ್ಲಿ ಕೂರಿಸಿಬಿಟ್ಟರೆ? ಹಲಗೆಗೆ ತೇಗ ಹಿಡಿದೆ. ಮರ ಒಳ್ಳೆಯದೇ, ಆದರೆ ಎಳೆಗೆ ಅಡ್ಡವಾಗಿ ಅವಸರ ಮಾಡಿದರೆ ಅಂಚೆಲ್ಲ ಸಿಬಿರೇಳುತ್ತದೆ. ನಿಮ್ಮ ಬೆರಳಿಗೆ ಸಿಬಿರು ಚುಚ್ಚಿದರೆ ನಾನು ಕೆಟ್ಟೆ ಎಂದು ಕೊನೆಯ ಸುತ್ತನ್ನು ಹಗುರವಾಗಿ, ನಿಧಾನವಾಗಿ ಓಡಿಸಿದೆ. ಬಚ್ಚಲುಮನೆಗೆ ಅಕ್ರಿಲಿಕ್, ಗಾಜಿನಂಥ ನುಣುಪು ಪ್ಲಾಸ್ಟಿಕ್ಕು. ಮುಟ್ಟಿದರೆ ಜಾರುತ್ತದೆ ಎಂಬ ಎಚ್ಚರಿಕೆ ಬೆರಳಿಗೇ ಸಿಗಲಿ ಎಂದು. ಮರಕ್ಕೆ ಹಾಕಿದ ವೇಗವನ್ನೇ ಅದಕ್ಕೂ ಹಾಕಿದೆ ನೋಡಿ, ಕೊರೆಯುವುದು ಬಿಟ್ಟು ಕರಗಿ ಸಕ್ಕರೆ ಪಾಕದ ಹಾಗೆ ಬಿಟ್‌ಗೆ ಸುತ್ತಿಕೊಂಡು ಗಟ್ಟಿಯಾಯಿತು. ಬಿಟ್ ತಿರುಗುವುದನ್ನು ನಿಧಾನ ಮಾಡಿ, ಮುಂದಕ್ಕೆ ಚಲಿಸುವುದನ್ನು ಬೇಗ ಮಾಡಬೇಕಂತೆ. ನಿಂತಲ್ಲೇ ತಿರುಗಿದರೆ ಬಿಸಿಯೇರುತ್ತದೆ. ಮನುಷ್ಯರೂ ಹಾಗೆಯೇ, ಇರಲಿ. ಅಡುಗೆಮನೆಗೆ ಅಲ್ಯೂಮಿನಿಯಂ, ಪಾತ್ರೆಯಂತೆ ತಣ್ಣಗಿರಲಿ ಎಂದು. ಅದು ಚೀರುವುದನ್ನು ನೀವು ಕೇಳಬೇಕಿತ್ತು. ತೆಳ್ಳಗೆ ತೆಳ್ಳಗೆ ತೆಗೆದು, ನಡುನಡುವೆ ಎಣ್ಣೆ ಹನಿಸಿದ ಮೇಲೆಯೇ ಸುಮ್ಮನಾದದ್ದು. ನಿಮಗೆಂದು ಇಟ್ಟಿರುವ ಕೋಣೆಗೆ ಮಾತ್ರ ಹಿತ್ತಾಳೆ. ನೀವು ಬೆರಳಿಗೆ ತೊಡುತ್ತಿದ್ದ ಹಿತ್ತಾಳೆ ಟೋಪಿಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದವಲ್ಲ, ಹಾಗೆಯೇ ಮೈತುಂಬ ಗುಳಿ ಕೊರೆದಿದ್ದೇನೆ. ಹಿತ್ತಾಳೆ ಬಲು ಸಾಧು, ಹೇಳಿದ ಹಾಗೆ ಕೇಳಿತು. ಅದರ ಹೊನ್ನ ಬಣ್ಣದ ಪುಡಿ ನಿಮ್ಮ ಅಳಿಯನ ಬನಿಯನ್ನಿನೊಳಗೂ ಸೇರಿ ಅವರು ಕುಣಿದದ್ದೊಂದೇ ತೊಂದರೆ.

ಕೂರಿಸಿ ನೋಡಿದೆ, ಬಹಳ ಚೆಂದ ಬಂದಿತ್ತು. ಪರೀಕ್ಷೆಗೆ ನಮ್ಮ ಮನೆ ಗೊತ್ತಿಲ್ಲದವರು ಬೇಕು. ಪಕ್ಕದ ಮನೆಯ ಮಾಮ, ಬಸ್ ಓಡಿಸಿ ನಿವೃತ್ತರಾದವರು, ನಮ್ಮ ಬಾಗಿಲು ದಾಟಿ ಒಳಗೆ ಎಂದೂ ಬಂದವರಲ್ಲ. ಕಣ್ಣಿಗೆ ಟವೆಲ್ ಕಟ್ಟಿ, ಹಲಗೆ ಕೈಗೆ ಕೊಟ್ಟು, ಅಡುಗೆಮನೆಗೆ ಹೋಗಿ ಎಂದೆ. "ಇಂಥ ರೂಟು ಎಷ್ಟು ನೋಡಿಲ್ಲ!" ಎನ್ನುತ್ತಾ ಗತ್ತಿನಿಂದ ನಡೆದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ: "ಏನಮ್ಮಾ ಇದು, ನಿಮ್ಮ ಅಡುಗೆಮನೇಲಿ ಸೋಪಿನ ವಾಸನೆ!" ಹೋಗಿ ನೋಡಿದರೆ ಬಚ್ಚಲಲ್ಲಿ ಬಕೆಟ್ ತಬ್ಬಿಕೊಂಡು ನಿಂತಿದ್ದಾರೆ.

ತಪ್ಪು ನನ್ನದೇ. ಹಿಡಿಯಲು ಅನುಕೂಲವಾಗಲಿ ಎಂದು ಹಲಗೆಯ ಹಿಂಬದಿಯಲ್ಲೂ ಹಳ್ಳ ಕೊರೆದಿದ್ದೆ. ಮಗುಚಿ ಕೊರೆಯುವಾಗ ಹಿಂಬದಿಯ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ನಾನು ತಿರುಗಿಸಿದ್ದು ಮುಂಬದಿಯದನ್ನು. ಇಡೀ ಮನೆ ಎಡಬಲ ಅದಲುಬದಲು! ಚೆಂದ ನೋಡುತ್ತಾ ಕೂತ ನನ್ನ ಕಣ್ಣಿಗೆ ಅದು ಹೊಳೆಯಲೇ ಇಲ್ಲ. ನಿಮ್ಮ ಕೈಗೆ ಹಾಗೇ ಕಳಿಸಿಬಿಟ್ಟಿದ್ದರೆ ಎಂದು ನೆನೆದು ಒಂದು ದಿನ ಊಟ ರುಚಿಸಲಿಲ್ಲ. ಆಮೇಲೆ ಹೊಸ ಹಲಗೆ ಕಟ್ಟಿ ಮೊದಲಿನಿಂದ ಕೊರೆದೆ.

ಎರಡನೆಯ ಪರೀಕ್ಷೆಗೆ ಮಾಮ ನಪಾಸು, ಅವರಿಗೆ ಈಗ ನಮ್ಮ ಬಚ್ಚಲು ಗೊತ್ತು. ಉಳಿದವರು ಅವರ ಹೆಂಡತಿ. ನಾನು ಅತ್ತೆ ಎನ್ನುತ್ತೇನೆ, ಅವರು ನನ್ನ ಮೇಲೆ ಮುನಿದಿದ್ದರು. ಯಂತ್ರದ ಸದ್ದಿಗೆ "ಹಲ್ಲು ಡಾಕ್ಟರ ಪಕ್ಕ ಮನೆ ಮಾಡಿದ ಹಾಗಾಯ್ತಲ್ಲೇ ನಮ್ಮ ಬಾಳು" ಎಂದು ಕಾಂಪೌಂಡಿನಾಚೆಯಿಂದಲೇ ಬಯ್ಯುವವರು. ಆದರೆ ಬಕೆಟಿನ ಕಥೆ ಕೇಳಿ ತಡೆಯಲಾಗದೆ ನಿನ್ನೆ ಬಂದೇಬಿಟ್ಟರು. "ನಮ್ಮೋರನ್ನ ಬಚ್ಚಲಿಗೆ ಕಳಿಸಿದ ಹಲಗೆ ಎಲ್ಲಿ, ತೋರ್ಸು."

ಕಣ್ಣು ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತು ಮೊದಲು ಬೆರಳಾಡಿಸಿದರು. ಆಮೇಲೆ ಹಲಗೆಯನ್ನು ಸೊಂಟಕ್ಕಾನಿಸಿಕೊಂಡು, ಇನ್ನೊಂದು ಕೈಯನ್ನು ಗೋಡೆಗೆ ಕೊಟ್ಟು ಎದ್ದರು. ನಿಮ್ಮ ಅಳಿಯ ಆಸರೆಗೆ ಕೈ ಚಾಚಿದರು, ನಾನು ಪಟ್ಟನೆ ಹೊಡೆದೆ. ಹಾಲ್ ದಾಟಿ ಮೆಟ್ಟಿಲು ಬರುವ ಮೊದಲೇ ಅತ್ತೆಯ ಕಾಲು ತಾನಾಗಿ ಮೇಲೆದ್ದಿತು ಅಪ್ಪಾ! ಹಲಗೆಯ ಮೇಲಿನ ಸಣ್ಣ ಏರನ್ನು ಬೆರಳು ಕಾಲಿಗೆ ತಿಳಿಸಿಬಿಟ್ಟಿತ್ತು. "ಇದು ಜಾರುತ್ತೆ, ಇಲ್ಲಿಗೆ ಬೇಡ," ಬಚ್ಚಲು ಬಿಟ್ಟರು. "ಇದು ತಣ್ಣಗಿದೆ, ಅಡುಗೆಮನೆ," ಮುಂದೆ ಹೋದರು. ಗುಳಿ ಗುಳಿಯ ಹಿತ್ತಾಳೆ ಸಿಕ್ಕಿದ್ದೇ ಬಾಗಿಲು ತಳ್ಳಿ, ಮಂಚ ತಡವಿ, ನಿಮ್ಮ ಹಾಸಿಗೆಯ ಮೇಲೆ ರಾಣಿಯ ಹಾಗೆ ಕೂತರು. ಯಾರೂ ಮುಟ್ಟಲಿಲ್ಲ, ಯಾರೂ ದಾರಿ ಹೇಳಲಿಲ್ಲ. ಐವತ್ತು ಹತ್ತಿರ ಬಂದ ನಾನು ಅಲ್ಲೇ ಕುಣಿದೆ. ಅತ್ತೆಯ ಹಿಂದೆಯೇ ಬಂದಿದ್ದ ಮಾಮ ಚಪ್ಪಾಳೆ ತಟ್ಟಿ ಶಿಳ್ಳೆಯನ್ನೂ ಹೊಡೆದರು.

ಈಗ ಪೆಟ್ಟಿಗೆ ಬಿಚ್ಚಿಸಿ. ತುದಿಯಲ್ಲಿ ಉಬ್ಬಿದ ಗುಂಡಿ ಸಿಗುತ್ತದೆ, ಅದು ಮುಂಬಾಗಿಲು. ಬೆರಳು ಅಲ್ಲಿಟ್ಟು ಒಳಗೆ ಹೊರಡಿ. ಒಂದು ಬೆರಳಗಲಕ್ಕೆ ನಿಮ್ಮ ಎರಡು ಹೆಜ್ಜೆ. ಬನ್ನಿ ಎಂದು ನಾನು ಬರೆಯುವುದಿಲ್ಲ, ಬೇಡ ಅಂದವರು ನೀವು. ಸುಮ್ಮನೆ ಮನೆ ನೋಡಿ.

ತಮ್ಮನಿಗೂ ಅವನ ಹೆಂಡತಿಗೂ ನನ್ನ ಪ್ರೀತಿ. ನಿಮ್ಮ ಕೈಬೆರಳುಗಳಿಗೆ ನನ್ನ ನಮಸ್ಕಾರ, ಅವು ಸದಾ ಬೆಚ್ಚಗಿರಲಿ.

ನಿಮ್ಮ ಮಗಳು,
ನೀವೇ ಕರೆದ ದಾರದುಂಡೆ

ಪೆಟ್ಟಿಗೆ ಮುಚ್ಚುವ ಅವಸರದಲ್ಲಿ ಒಂದು ಮಾತು: ಮೇಲೆ ಬರೆದ ಜಂಬವನ್ನು ಮರೆತುಬಿಡಿ, ಬನ್ನಿ ಅಪ್ಪಾ. ಇನ್ನೊಂದು ಹಲಗೆಯನ್ನು ಆಗಲೇ ಯಂತ್ರಕ್ಕೆ ಕಟ್ಟಿದ್ದೇನೆ. ನಿನ್ನೆ ಅತ್ತೆ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿ ನಿಂತು ಹೇಳಿದರು: "ಮನೆಯೊಳಗೇ ಸುತ್ತಾಡಿಸೋಕೆ ಅವರನ್ನ ಅಷ್ಟು ದೂರದಿಂದ ಕರೆಸ್ತೀಯೇನೇ? ಸದ್ದಾದ್ರೆ ಆಗ್ಲಿ, ಬೀದೀನೂ ಕೊರಿ. ನಮ್ಮನೆ ಬಾಗಿಲು ಬಿಟ್ಟೀಯ, ಜೋಕೆ!"